ಹೊರಗಿನ ಚಿಲಕ

“ಅತ್ತೇ... ಬೇಡ! ಚಿಲಕ ಹಾಕ್ಬೇಡಿ! ನಿಮ್ಮ ಕಾಲಿಗೆ ಬೀಳ್ತೀನಿ...”

ಅತ್ತೆ ಅಷ್ಟರಲ್ಲಿ ಕೋಣೆಯ ಚಿಲಕ ಎಳೆದು, ತರಕಾರಿ ಚೀಲ ಹಿಡಿದು ಹೊರಟಾಗಿತ್ತು. ನಿದ್ದೆ ಮಾತ್ರೆಯ ಚಟ ಬಿಡಿಸುವ ಕೇಂದ್ರದಿಂದ ಸೊಸೆ ಮರಳಿ ಒಂಬತ್ತು ದಿನವಾಗಿತ್ತು. ಬೀದಿಯ ತುದಿಯಲ್ಲೇ ಔಷಧಿ ಅಂಗಡಿ. ಬೆಕ್ಕಿನ ಮುಂದೆ ಹಾಲಿಟ್ಟು ಪೇಟೆಗೆ ಹೋಗಲಾದೀತೇ ಎಂಬುದು ಅತ್ತೆಯ ವಾದ. ಕೆಟ್ಟವರಲ್ಲ ಆಕೆ. ಸೊಸೆ ಕೇಂದ್ರದಲ್ಲಿದ್ದ ಒಂದೂವರೆ ತಿಂಗಳು ಮೊಮ್ಮಗಳನ್ನು ಒಬ್ಬರೇ ನೋಡಿಕೊಂಡವರು. ಬಾಯಿ ಮಾತ್ರ ಹಸಿಮೆಣಸಿನಕಾಯಿ! “ಇನ್ನೊಂದು ಸಲ ಮಾತ್ರೆ ಮುಟ್ಟಿದ್ರೆ ಮಗು ನನ್ನ ಹತ್ರ, ಅವಳು ತವರಿಗೆ” ಎಂದು ಮಗನಿಗೆ ಖಡಾಖಂಡಿತವಾಗಿ ಹೇಳಿದ್ದರು. ಬಸ್ ಓಡಿಸುವ ಆ ಪುಣ್ಯಾತ್ಮ, ಅತ್ತ ದರಿ ಇತ್ತ ಪುಲಿ ಎಂದು ಬೆಳಗಾಗುತ್ತಲೇ ಡ್ಯೂಟಿಗೆ ಹೊರಟುಬಿಡುತ್ತಿದ್ದ.

ಅತ್ತೆ ಮರಳಿದಾಗ ಸೊಸೆಯನ್ನು ವಿಚಾರಿಸಲು ಬಂದಿದ್ದ ಕೇಂದ್ರದ ಸಲಹೆಗಾರ್ತಿ ಹೊಸ್ತಿಲ ಬಳಿ ಕಾಯುತ್ತಿದ್ದಳು. ಒಳಗಿಂದ ‘ಬಾಗಿಲು ತೆಗೀರಿ’ ಎಂಬ ಅಳು ಕೇಳುತ್ತಿತ್ತು. ಇಬ್ಬರೂ ಹೋಗಿ ಕೋಣೆಯ ಚಿಲಕ ತೆಗೆದರೆ... ಸೊಸೆ ಮೂಲೆಯಲ್ಲಿ ಮುದುಡಿದ್ದಳು. ಬಾಗಿಲು ಕೆರೆದು ಉಗುರಲ್ಲಿ ರಕ್ತ!

“ನೋಡಿ, ಮಾತ್ರೆಗೆ ಹೇಗೆ ಒದ್ದಾಡ್ತಾಳೆ!” ಎಂದರು ಅತ್ತೆ.

“ಆಕೆ ಕೂಗಿದ್ದು ಬಾಗಿಲು ತೆಗೀರಿ ಅಂತ. ಮಾತ್ರೆ ಕೊಡಿ ಅಂದ್ರಾ ಅಮ್ಮಾ?”

ಸಲಹೆಗಾರ್ತಿ ಸೊಸೆಯನ್ನು ಮುಟ್ಟದೆ, ತುಸು ದೂರದಲ್ಲಿ ನೆಲದ ಮೇಲೆ ಕುಳಿತಳು. “ಬಾಗಿಲು ತೆಗೆದೇ ಇರುತ್ತೆ. ಹೇಳ್ಬೇಕು ಅನ್ಸಿದ್ರೆ ಹೇಳಿ. ಇಲ್ಲಾಂದ್ರೆ ಬೇಡ.”

ಸೊಸೆ ತೆರೆದ ಬಾಗಿಲನ್ನೊಮ್ಮೆ ನೋಡಿ ಬಾಯಿಬಿಟ್ಟಳು.

“ಆಗ ನನಗೆ ಹನ್ನೊಂದು ವರ್ಷ ಅತ್ತೆ... ಅಪ್ಪ ಅಮ್ಮ ಕೆಲಸಕ್ಕೆ ಹೋದ್ಮೇಲೆ ಚಿಕ್ಕಪ್ಪ ಬರ್ತಿದ್ದ. ಹೋಗುವಾಗ ಹೊರಗಿಂದ ಚಿಲಕ ಹಾಕಿ ಹೋಗ್ತಿದ್ದ. ಸಂಜೆ ಅಮ್ಮ ಬಂದು ತೆಗೆದು, ಏನು ತುಂಟಾಟ ಮಾಡ್ದೆ ಅಂತ ನನಗೇ ಹೊಡೆಯೋಳು! ಕಣ್ಣು ಮುಚ್ಚಿದ್ರೆ ಅದೇ ಚಿಲಕದ ಸದ್ದು... ಮಾತ್ರೆ ತಗೊಂಡ್ರೆ ಮಾತ್ರ ಕೇಳಿಸ್ತಿರ್ಲಿಲ್ಲ. ಆ ತವರಿಗೇ ಕಳಿಸ್ತೀರಾ ಅತ್ತೆ?”

ಅತ್ತೆ ನೇರ ಹೋಗಿ ಮಗನ ಸ್ಕ್ರೂಡ್ರೈವರ್ ತಂದರು. ಚಿಲಕದ ತುಕ್ಕು ಹಿಡಿದ ತಿರುಪುಗಳು ಜಗ್ಗಲಿಲ್ಲ.

“ನಾನು ತೆಗೀಲಾ?” ಎಂದಳು ಸಲಹೆಗಾರ್ತಿ.

“ಹಾಕಿದ ಕೈಯೇ ತೆಗೀಬೇಕಮ್ಮ.”

ಅದೇ ಚಿಲಕವನ್ನು ಬಾಗಿಲಿನ ಒಳಮೈಗೆ ಕೂರಿಸಿದರು, ಸೊಟ್ಟಗೆ. “ಇನ್ಮೇಲೆ ಹಾಕೋದೂ ನೀನೇ, ತೆಗಿಯೋದೂ ನೀನೇ. ನಾವು ತಟ್ಟಿ ಬರ್ತೀವಿ. ನಿನ್ನ ಎಲ್ಲಿಗೂ ಕಳಿಸಲ್ಲ ಕಣೇ... ನನ್ನ ಕ್ಷಮಿಸ್ತೀಯಾ?” ಎಂದು ಕಣ್ಣೊರೆಸಿಕೊಂಡರು.

ಸೊಸೆ ಅವರ ಸೆರಗಿನ ತುದಿ ಹಿಡಿದುಕೊಂಡಳು. ದಾರಿ ಇನ್ನೂ ದೂರವಿದೆ, ವಾರಕ್ಕೆರಡು ಸಲ ಕೇಂದ್ರಕ್ಕೆ ಬರಲೇಬೇಕು ಎಂದು ಹೇಳಿ ಸಲಹೆಗಾರ್ತಿ ಹೊರಟಳು.

ಊಟವಾದ ಮೇಲೆ ಸೊಸೆ ಕೋಣೆಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ಬಾಗಿಲು ತಟ್ಟಲು ಓಡಿದಾಗ ಅತ್ತೆ ತಡೆದು, ಬಾಗಿಲಿಗೆ ಕಿವಿಯಿಟ್ಟರು.

“ಶ್... ತಟ್ಬೇಡ ಪುಟ್ಟಿ. ಅಮ್ಮ ಗೊರಕೆ ಹೊಡೀತಿದ್ದಾಳೆ!”