ಹಾತುಸೆಲಾ ಕೊಲ್ಲಿಯ ವಿಷ

ನವೆಂಬರ್ ಹನ್ನೊಂದು, ಗುರುವಾರ. ಬೆಳಿಗ್ಗೆ ಏಳೂವರೆಗೆ ಹಾತುಸೆಲಾ ಊರಿನ ರಾಜ ಯೆರ್ಮಿಯಾಸ್ ಹಾತುಲೇಸಿ ವಾರಿನಾ ಠಾಣೆಯ ಬಾಗಿಲಲ್ಲಿ ಬಂದು ನಿಂತಾಗ ಇನ್ಸ್‌ಪೆಕ್ಟರ್ ಡಾರ್ಸಿ ಲೆಯಿಸಿನಾ ಹುರಿದ ಮರಗೆಣಸು ತಿನ್ನುತ್ತಿದ್ದಳು. ರಾಜ ಎಂದರೆ ಕಿರೀಟ ಹೊತ್ತವನೇನಲ್ಲ. ಮಲುಕು ದ್ವೀಪಗಳಲ್ಲಿ ಊರಿನ ಮುಖ್ಯಸ್ಥನನ್ನು ಕರೆಯುವುದೇ ಹಾಗೆ. ಅವನ ಪ್ಯಾಂಟು ಸೊಂಟದವರೆಗೆ ಒದ್ದೆಯಾಗಿತ್ತು.

"ಕೊಲ್ಲಿಗೆ ವಿಷ ಹಾಕಿದಾರೆ ಇಬು," ಅಂದ. ಇಬು ಎಂದರೆ ಅಲ್ಲಿ ಅಮ್ಮಾವ್ರು. "ಮೂರು ವರ್ಷ ಸಾಸಿ ಕಟ್ಟಿ, ಯಾರೂ ಕೈ ಹಾಕದ ಹಾಗೆ ಕಾಪಾಡಿದ ಹವಳ. ಈ ಭಾನುವಾರ ಬಿಚ್ಚಬೇಕಿತ್ತು. ಮೀನೆಲ್ಲಾ ಸತ್ತು ತೇಲ್ತಾ ಇದೆ."

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ಬಂತು? ಆ ಬುಟೊನ್ ದ್ವೀಪದವನು, ಲಾಜುಮಾ. ಅವನ ದೋಣಿ ಕೆಳಗೆ ವಿಷದ ಬಾಟ್ಲಿ ಇದೆ, ನಾನೇ ನೋಡ್ದೆ. ಇವತ್ತೇ ಎಳ್ಕೊಂಡು ಬನ್ನಿ. ಸಂಜೆ ಪ್ರಾರ್ಥನೆ ಮುಗೀತಿದ್ದ ಹಾಗೆ ಜನ ಅವನ ಮನೆ ಸುಡ್ತಾರೆ. ತಡಿಯೋದು ನನ್ನ ಕೈಲಾಗಲ್ಲ."

"ಮನೇಲಿ ಯಾರ್ಯಾರಿದಾರೆ?"

"ಹೆಂಡ್ತಿ. ಮೂರು ಮಕ್ಳು."

ಹವಾಮಾನ ಹೇಳುವವನಂತೆ ಹೇಳಿಬಿಟ್ಟ. ಡಾರ್ಸಿ ಎಫ್‌ಐಆರ್ ಬರೆದುಕೊಂಡು ಸಹಿ ಹಾಕಿಸಿದಳು. ಮರಗೆಣಸು ಅರ್ಧಕ್ಕೇ ಉಳಿಯಿತು.

ಅವಳೂ ಕಾನ್‌ಸ್ಟೇಬಲ್ ಬಕ್ರಿಯೂ ದೋಣಿಯಲ್ಲಿ ಹಾತುಸೆಲಾ ತಲುಪುವ ಮೊದಲೇ ನಾತ ಬಂದು ಮೂಗಿಗೆ ಬಡಿಯಿತು. ನೀರ ಮೇಲೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಿಳಿಮೀನು, ಆಮೆಮರಿ, ಬೆರಳಿನಷ್ಟುದ್ದದ ಮರಿಗಳು, ಒಂದೂ ಬಿಟ್ಟಿಲ್ಲ. ಹವಳದ ಮೇಲೆ ಬಿಳಿ ಲೋಳೆ ಕಟ್ಟಿತ್ತು. ದಡ ಮುಟ್ಟಲು ಇಬ್ಬರೂ ಅದೇ ನೀರಿಗೆ ಇಳಿದು ನಡೆಯಬೇಕಾಯಿತು.

"ಥೂ! ಇನ್ನೊಂದು ವರ್ಷ ನಾನು ಮೀನು ಮುಟ್ಟಲ್ಲ ಇಬು," ಅಂದ ಬಕ್ರಿ.

"ಬಾಯಿ ಮುಚ್ಕೊಂಡು ನಡಿ. ಬಾಯೊಳಗೂ ಹೋದೀತು."

ಕೊಲ್ಲಿಯ ಬಾಯಲ್ಲಿ ತೆಂಗಿನ ಗರಿ ಕಟ್ಟಿದ ಸಾಸಿ ಕಂಬ ಹಾಗೇ ನಿಂತಿತ್ತು. ಅದು ನಿಂತಿರುವಷ್ಟು ದಿನ ಆ ನೀರಿಗೆ ಯಾರೂ ಕೈ ಹಾಕುವಂತಿಲ್ಲ. ಬಿಚ್ಚಿದ ದಿನ ಊರಿಗೆ ಊರೇ ನೀರಿಗಿಳಿದು ಮಾರಾಟಕ್ಕೆ ಚಿಪ್ಪು ತೆಗೆಯುತ್ತದೆ. ಆಂಬೋನ್‌ನಲ್ಲಿ ಓದುವ ಮಕ್ಕಳ ಖರ್ಚು, ಇಗರ್ಜಿಯ ತಗಡು, ಮದುವೆ, ಎಲ್ಲವೂ ಅದರಲ್ಲೇ ಆಗಬೇಕು. ಇದು ಬಿಟ್ಟರೆ ಆ ಊರಿಗೆ ಬೇರೆ ಗತಿಯಿರಲಿಲ್ಲ.

ಹತ್ತೂವರೆಗೆ ಪಂಚನಾಮೆ ಶುರುವಾಯಿತು. ಲಾಜುಮಾನ ದೋಣಿ ಮರಳ ಮೇಲೆ ಬೋರಲು ಬಿದ್ದಿತ್ತು. ಅದರ ಕೆಳಗಿನಿಂದ ಬಕ್ರಿ ಮೂರು ಪ್ಲಾಸ್ಟಿಕ್ ಬಾಟಲಿ ಹೊರತೆಗೆದ. ಮುಚ್ಚಳಕ್ಕೆ ತೂತು ಕೊರೆದು ಪಿಚಕಾರಿ ಮಾಡಿಕೊಂಡದ್ದು. ಬಾದಾಮಿಯಂಥ ಕಟು ವಾಸನೆ. ಸೈನೈಡ್. ಡಾರ್ಸಿ ದೋಣಿಯನ್ನು ಒಂದು ಸುತ್ತು ಬಂದಳು. ಕಡಲ ಕಡೆಯ ಪಕ್ಕೆಯಲ್ಲಿ ಎರಡು ಹಲಗೆಗಳೇ ಇರಲಿಲ್ಲ.

"ಇದು ಯಾವಾಗಿಂದ ಹೀಗಿದೆ?"

"ಮೂರು ವಾರ ಆಯ್ತು ಇಬು," ಅಂದ ಲಾಜುಮಾ. ಮಾತಾಡುವಾಗಲೂ ಸಣ್ಣ ಮಗುವನ್ನು ಕಂಕುಳಿಂದ ಇಳಿಸಿರಲಿಲ್ಲ. "ಹಲಗೆ ಸಿಕ್ಕಿಲ್ಲ."

"ಬೇರೆಯವರ ದೋಣಿ?"

"ನಂಗ್ಯಾರು ಕೊಡ್ತಾರೆ?"

ಸುತ್ತ ನಿಂತಿದ್ದ ಗಂಡಸರತ್ತ ಅವಳು ತಿರುಗಿದಳು. "ಈ ದೋಣಿ ನೀರಿಗೆ ಇಳಿಯಲ್ಲ ಅಂತ ನಿಮಗೆ ಗೊತ್ತಿತ್ತಾ ಇಲ್ವಾ?"

ಒಬ್ಬ ಕೆಮ್ಮಿದ. ಇನ್ನೊಬ್ಬ ಕಾಲಿಂದ ಮರಳು ಕೆದಕಿದ. ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೇ ಇಗರ್ಜಿಯ ಗೋಡೆಗೆ ಸೀಮೆಎಣ್ಣೆ ಡಬ್ಬಗಳನ್ನು ಸಾಲಾಗಿ ಒರಗಿಸಿಟ್ಟಿದ್ದರು. ಡಾರ್ಸಿಗೆ ಮೈಯೆಲ್ಲ ಉರಿದುಹೋಯಿತು. ಬಕ್ರಿಯನ್ನು ಲಾಜುಮಾನ ಬಾಗಿಲಲ್ಲಿ ನಿಲ್ಲಿಸಿ, "ಒಬ್ಬ ಹತ್ರ ಬಂದ್ರೂ ಕೈಗೆ ಬೇಡಿ ಹಾಕು," ಅಂದಳು.

"ನಾನೊಬ್ನೇ, ಇಬು."

"ಎದೆ ಸೆಟೆಸ್ಕೊಂಡು ನಿಂತ್ಕೋ. ಇಬ್ರ ಹಾಗೆ ಕಾಣ್ತೀಯ."

ಕಡಲು ಕಾಯುವ ಹೊಣೆ ಹೊತ್ತ ಮುದುಕ ಮೆಸಾಕ್‌ನ ಜೊತೆ ಅವಳು ದಡದುದ್ದಕ್ಕೂ ನಡೆದಳು. ದೋಣಿ ಎಳೆದ ಗುರುತುಗಳನ್ನೆಲ್ಲ ಕಡಲಿನ ಉಬ್ಬರ ಅಳಿಸಿತ್ತು. ಕೊಲ್ಲಿಯ ತುದಿಯಲ್ಲಿ, ತೆಂಗಿನ ಬುಡದಲ್ಲಿ, ಮೊಣಕಾಲೆತ್ತರದ ಒಂದು ಕರಿಕಲ್ಲು. ಅದರ ಮೇಲೆ ವೀಳ್ಯ, ಹೋಳು ಮಾಡಿದ ಅಡಿಕೆ, ಒಂದು ಚಿಟಿಕೆ ತಂಬಾಕು. ಎಲೆ ಇನ್ನೂ ಹಸಿರಾಗಿತ್ತು.

"ಇದೇನು ತೆತೆ?" ಎಂದು ಕೇಳಿದಳು. ಅಜ್ಜಂದಿರನ್ನು ಅಲ್ಲಿ ತೆತೆ ಎನ್ನುವುದು.

"ಅಪ್ಪಣೆ ಕೇಳಿದ್ದು. ಸಾಸಿ ನೀರಿಗೆ ಇಳಿಯೋನು ತನ್ನ ಮನೆತನದ ಕಲ್ಲಿಗೆ ಇಟ್ಟು, ಹಿರಿಯರಿಗೆ ಹೇಳಿಯೇ ಇಳೀಬೇಕು. ಇಲ್ದಿದ್ರೆ ಹೊಟ್ಟೆ ಊದ್ಕೊಂಡು ಸಾಯ್ತಾನೆ."

"ಭಾನುವಾರಕ್ಕೆ ಅಂತ ಯಾರಾದ್ರೂ ಮುಂಚೇನೇ ಇಟ್ಟಿರಬಹುದಲ್ಲ?"

"ಭಾನುವಾರದ್ದು ಊರೆದುರಿಗೆ ನಾನೇ ಇಡೋದು, ಎಲ್ಲಾ ಕಲ್ಲಿಗೂ ಒಟ್ಟಿಗೆ. ಕದ್ದು ಇಡಲ್ಲ."

"ಲಾಜುಮಾ ಇಟ್ಟಿರಬಹುದಾ?"

"ಅವನಿಗೆಲ್ಲಿಂದ ಬರ್ಬೇಕು ಇಲ್ಲಿ ಕಲ್ಲು? ಅವನ ಹಿರಿಯರೆಲ್ಲ ಬುಟೊನ್‌ನಲ್ಲಿದಾರೆ."

"ಮತ್ತೆ ಈ ಕಲ್ಲು ಯಾರದು?"

ಮುದುಕ ನಿಂತಲ್ಲೇ ಮರಳ ಮೇಲೆ ಕೂತುಬಿಟ್ಟ. "ಹಾತುಲೇಸಿಯವರದು," ಅಂದ. "ಆ ಮನೆತನದ ಗಂಡಸರು ಒಬ್ಬೊಬ್ಬರಾಗಿ ಆಂಬೋನ್ ಸೇರ್ಕೊಂಡ್ರು. ಊರಲ್ಲಿ ಈಗ ಇರೋದು ರಾಜ ಒಬ್ಬನೇ."

ಮಧ್ಯಾಹ್ನ ಎರಡಕ್ಕೆ ರಾಜನ ಮನೆ ಶೋಧಿಸಿದರು. ಪಂಚರಾಗಿ ಮೆಸಾಕ್ ಮತ್ತು ಶಾಲೆಯ ಮೇಷ್ಟ್ರು ಇದ್ದರು. ಅಡಿಗೆಮನೆಯಲ್ಲಿ ಸಾಗೋ ಹಿಟ್ಟಿನ ಬುಟ್ಟಿಯ ಹಿಂದೆ ಬಿಸ್ಕತ್ತಿನ ಡಬ್ಬ; ಅದರಲ್ಲಿ ಉಳಿದ ಬಿಳಿ ಗುಳಿಗೆಗಳು. ಊರಿನ ಕೊಲ್ಲಿಗೆಲ್ಲ ವಿಷ ಉಣಿಸಿದವನು ಮಿಕ್ಕದ್ದನ್ನು ಊಟದ ಹಿಟ್ಟಿನ ಪಕ್ಕದಲ್ಲೇ ಇಟ್ಟುಕೊಂಡಿದ್ದ.

"ಕಲ್ಲಿಗೆ ವೀಳ್ಯ ಇಟ್ಟಿದ್ದು ನೀವೇನಾ ಬಾಪಾ ರಾಜ?"

"ಹೂಂ."

"ವಿಷ ಹಾಕೋಕೂ ಅಪ್ಪಣೆ ಕೇಳಿದ್ರಾ?"

"ಕೇಳ್ದೆ ಹೇಗೆ ಇಳೀಲಿ?" ಅಂದ ಅವನು, ನಿಜಕ್ಕೂ ಆಶ್ಚರ್ಯಪಟ್ಟು.

ಬಂಧನವಾದದ್ದು ಮೂರು ಗಂಟೆಗೆ. ಸುದ್ದಿ ಹಬ್ಬುತ್ತಲೇ ಊರು ರಾಜನ ಅಂಗಳಕ್ಕೆ ನುಗ್ಗಿತು. ಕಲ್ಲು ಬೀಳಬಹುದೆಂದು ಡಾರ್ಸಿ ಅವನನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡಳು. ಕಲ್ಲು ಬೀಳಲಿಲ್ಲ. ಹೆಂಗಸರು ಸೆರಗಿನಲ್ಲಿ, ಬುಟ್ಟಿಯಲ್ಲಿ ಬಾಳೆಹಣ್ಣು, ಸುಟ್ಟ ಸಾಗೋ ಕಟ್ಟಿ ತಂದಿದ್ದರು. "ದಾರೀಲಿ ತಿನ್ನು ಬಾಪಾ," ಎಂದು ಅತ್ತರು. ಆಚೆ, ದಡದ ಕೊನೆಯ ಮನೆಯಲ್ಲಿ ಲಾಜುಮಾನ ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅವಳ ಹತ್ತಿರ ಹೋಗಿ ತಪ್ಪಾಯಿತು ಎನ್ನಲು ಆ ಊರಿನಲ್ಲಿ ಒಂದು ನಾಲಿಗೆಯೂ ಇರಲಿಲ್ಲ. ಥೂ, ಇವರೂ ಮನುಷ್ಯರಾ ಅನ್ನಿಸಿತು ಡಾರ್ಸಿಗೆ.

ಹೇಳಿಕೆ ಬರೆದುಕೊಂಡದ್ದು ಠಾಣೆಯಲ್ಲಿ. ಅವನು ಏನನ್ನೂ ಮುಚ್ಚಿಡಲಿಲ್ಲ. ಎರಡು ವರ್ಷದ ಹಿಂದೆ, ಪೂರ್ವದ ಗಾಳಿಯ ತಿಂಗಳಲ್ಲಿ, ತುಂಬಿದ ಬಸುರಿ ಮಗಳು ನಾವೊಮಿಗೆ ನೋವು ಬಂದಿತ್ತು. ಆಸ್ಪತ್ರೆಗೆ ಒಯ್ಯಲು ಅಲೆ ಮುರಿಯುವ ಆ ದಡಕ್ಕೆ ಯಾವ ದೊಡ್ಡ ದೋಣಿಯೂ ಹತ್ತಿರ ಬರಲಾರದು. ಅವಳು ಮರಳ ಮೇಲೆಯೇ ಸತ್ತಳು, ಮಗುವೂ ಸತ್ತಿತು. ಅಂದಿನಿಂದ ಅವನು ದೊಡ್ಡ ದೋಣಿ ನಿಲ್ಲುವಂಥ ಒಂದು ಜೆಟ್ಟಿಗಾಗಿ ಜಿಲ್ಲಾ ಕಚೇರಿಗೆ ಅಲೆದು ಅಲೆದು ಸವೆದಿದ್ದ. ಈ ವರ್ಷ ಮುತ್ತು ಬೆಳೆಯುವ ಕಂಪನಿಯೊಂದು ಕೊಲ್ಲಿ ಬಿಟ್ಟುಕೊಟ್ಟರೆ ಜೆಟ್ಟಿ ಕಟ್ಟಿಸುತ್ತೇನೆಂದಿತು. ಹವಳ ಇರುವಾಗ ಕೊಲ್ಲಿ ಯಾಕೆ ಕೊಡಬೇಕು ಎಂದು ಊರವರು ಸಭೆಯಲ್ಲಿ ಕೈ ಎತ್ತಿ ಬೇಡವೆಂದರು.

"ಹವಳ ಹೋದ್ರೆ ಒಪ್ತಾರೆ ಅಂದ್ಕೊಂಡೆ," ಅಂದ. "ಇನ್ನೊಬ್ರ ಮಗಳು ಹಾಗೆ ಸಾಯ್ಬಾರ್ದು ಇಬು."

ಡಾರ್ಸಿ ಪೆನ್ನು ಕೆಳಗಿಟ್ಟಳು. ಅವಳಿಗೂ ಒಬ್ಬಳು ಮಗಳಿದ್ದಳು.

"ಸರಿ. ಲಾಜುಮಾನ ಮಕ್ಳು ಸುಟ್ಟು ಸಾಯ್ಬಹುದಿತ್ತಾ?"

"ಯಾರ ಮೇಲಾದ್ರೂ ಹಾಕ್ಬೇಕಿತ್ತಲ್ಲ. ಅವರು ನಮ್ಮೂರವರಲ್ಲ."

"ನಿಮ್ಮ ಮಗಳು ಸತ್ತ ದಿನ, ಆ ಅಲೇಲಿ ದೋಣಿ ಇಳಿಸೋಕೆ ಯಾರೂ ಮುಂದೆ ಬರ್ಲಿಲ್ವಾ?"

ಅವನು ಬೇಡಿ ಹಾಕಿದ ಕೈಗಳನ್ನು ನೋಡಿಕೊಂಡ.

"ಒಬ್ಬ ಬಂದ. ದೋಣಿ ಎರಡು ಸಲ ಮಗುಚಿಕೊಂಡ್ರೂ ಮತ್ತೆ ನೂಕ್ದ."

"ಯಾರು?"

"ಅವನೇ," ಅಂದ ರಾಜ. "ಆ ಬುಟೊನ್‌ನವನು."

ಅವಳು ಅದನ್ನೂ ಅವನದೇ ಮಾತಿನಲ್ಲಿ ಬರೆದುಕೊಂಡಳು. ಓದಿ ಹೇಳಿ, ಸಹಿ ಹಾಕಿಸಿಕೊಂಡು, ಎದ್ದು ಹೊರಗೆ ಹೋಗಿ ನಲ್ಲಿಯಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದಳು.