ನಮ್ಮನೇಲಿ ಓಡುತ್ತೆ!

“ಇನ್ನೊಂದ್ ಸಲ ಮಿಸ್, ಪ್ಲೀಸ್!”

ಕಂಪ್ಯೂಟರ್ ಮಿಸ್ ಮತ್ತೊಮ್ಮೆ ಡಬಲ್ ಕ್ಲಿಕ್ ಮಾಡಿದರು. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆಯಿತು. ರೆಪ್ಪೆ ಬಡಿಯುವಷ್ಟರಲ್ಲಿ ಮುಚ್ಚಿಕೊಂಡಿತು. ಗೇಮ್‌ನ ಬೆಕ್ಕೂ ಇಲ್ಲ, ಬೆಕ್ಕು ಹಾರಬೇಕಾದ ಗೋಡೆಯೂ ಇಲ್ಲ.

“ನಮ್ಮನೇಲಿ ಓಡುತ್ತೆ ಮಿಸ್! ಸತ್ಯವಾಗ್ಲೂ!”

“ಎಲ್ಲರೂ ಹಾಗೇ ಹೇಳೋದು,” ಎಂದು ಮಿಸ್ ನಕ್ಕರು. “ಶನಿವಾರ ಪ್ರದರ್ಶನ. ಶುಕ್ರವಾರ ಈ ಲ್ಯಾಬ್‌ನಲ್ಲಿ ಓಡಿಸಿ ತೋರಿಸಿ. ಇಲ್ಲಾಂದ್ರೆ ನಿಮ್ಮ ಟೇಬಲ್ ಬೇರೆಯವರಿಗೆ.”

ಅಂದು ಬುಧವಾರ. ಬೇಡಿಕೊಳ್ಳುತ್ತಿದ್ದ ಹುಡುಗಿ ಮೆಲ್ಲಗೆ ತಿರುಗಿ ಗೆಳತಿ ಚುಕ್ಕಿಯನ್ನು ನೋಡಿದಳು. ಆ ನೋಟ ಕಂಡರೆ ಅವಳ ಮನೆಯವರೆಲ್ಲ ಹೆದರುತ್ತಿದ್ದರು. ಡಬ್ಬದಲ್ಲಿ ಒಂದು ಬಿಸ್ಕತ್ತು ಕಡಿಮೆಯಾದರೂ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬಾಯಿ ಮೂಸಿ ನೋಡುವ ಹುಡುಗಿ ಅವಳು. ಅಣ್ಣ ಇಟ್ಟ ‘ಇನ್‌ಸ್ಪೆಕ್ಟರ್’ ಎಂಬ ಹೆಸರು ಅವಳ ಹಿಂದೆಯೇ ಶಾಲೆಗೂ ಬಂದಿತ್ತು.

ಬೆಕ್ಕಿನ ಗೇಮ್ ಮಾಡಿದ್ದು ಇಬ್ಬರೂ ಸೇರಿ. ಪ್ರೋಗ್ರಾಂ ಇನ್‌ಸ್ಪೆಕ್ಟರ್‌ದು, ಚಿತ್ರಗಳು ಚುಕ್ಕಿಯವು. ಮೂಗಿನ ಪಕ್ಕ ಒಂದು ಮಚ್ಚೆ ಇದ್ದುದರಿಂದ ಅವಳು ಎಲ್ಲರಿಗೂ ಚುಕ್ಕಿ. ನಿನ್ನೆ ಸಂಜೆಯಿಂದ ಗೇಮ್ ಇದ್ದ ಪೆನ್ ಡ್ರೈವ್ ಚುಕ್ಕಿಯ ಹತ್ತಿರವೇ ಇತ್ತು.

“ಏನ್ ಮಾಡ್ದೆ ಇದಕ್ಕೆ?” ಲ್ಯಾಬ್‌ನ ಹೊರಗೆ ಬಂದೊಡನೆ ಇನ್‌ಸ್ಪೆಕ್ಟರ್ ಕೇಳಿದಳು.

“ನಾನೇನೂ ಮಾಡಿಲ್ಲ ಕಣೇ. ಅಮ್ಮನಿಗೆ ಬೆಕ್ಕು ತೋರಿಸೋಣ ಅಂತ ಹಾಕ್ದೆ. ನಮ್ಮನೇಲೂ ಹಿಂಗೇ ಆಯ್ತು.”

“ಮತ್ತೆ ಬೆಳಿಗ್ಗೇನೇ ಯಾಕ್ ಹೇಳ್ಲಿಲ್ಲ?”

“ನೀನು ಬೈತೀಯ ಅಂತ.”

ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವಿಷಯ ಮುಚ್ಚಿಟ್ಟದ್ದು ಒಂದು. ಸೋಮವಾರ ಜಗಳವಾಡಿದ್ದು ಇನ್ನೊಂದು. ಗೇಮ್‌ನ ಮೊದಲ ಪರದೆಯಲ್ಲಿ ಇನ್‌ಸ್ಪೆಕ್ಟರ್ ಹೆಸರು ಇಷ್ಟು ದಪ್ಪ, ಚುಕ್ಕಿಯ ಹೆಸರು ಇರುವೆ ಗಾತ್ರ. “ಬೆಕ್ಕು ನಂದು ತಾನೇ?” ಎಂದು ಚುಕ್ಕಿ ಮುಖ ಊದಿಸಿಕೊಂಡಿದ್ದಳು. ಇನ್ನೇನು ಬೇಕು?

“ಸಿಟ್ಟಿಗೆ ನೀನೇ ಕೆಡಿಸಿದೀಯ,” ಎಂದುಬಿಟ್ಟಳು. “ನಮ್ಮನೇಲಿ ಓಡೋದು ನಿಮ್ಮನೇಲಿ ಯಾಕೆ ಓಡಲ್ಲ?”

ಚುಕ್ಕಿ ಬ್ಯಾಗ್ ಎತ್ತಿಕೊಂಡು ಹೋಗಿ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಳು. ಮನೆಗೂ ಒಬ್ಬಳೇ ಹೋದಳು.

ಸಂಜೆ ಇನ್‌ಸ್ಪೆಕ್ಟರ್ ಮನೆಯ ಕಂಪ್ಯೂಟರ್ ಮುಂದೆ ಕೂತು ‘ಬಿಲ್ಡ್’ ಬಟನ್ ಒತ್ತಿದಳು. ಬರೆದ ಪ್ರೋಗ್ರಾಂ ಅನ್ನು ಒಂದೇ ಫೈಲಾಗಿ ಕಟ್ಟಿಕೊಡುವ ಬಟನ್ ಅದು. ‘ಬಿಲ್ಡ್ ಸಕ್ಸಸ್‌ಫುಲ್’ ಎಂದು ಹಸಿರು ಅಕ್ಷರ ಬಂತು. ಓಡಿಸಿದಳು. ಬೆಕ್ಕು ಬಾಲ ಎತ್ತಿಕೊಂಡು ಗೋಡೆಯಿಂದ ಗೋಡೆಗೆ ಹಾರಿತು, ಹಾರಿದಾಗಲೆಲ್ಲ ‘ಮ್ಯಾಂವ್’ ಎಂದಿತು.

“ನೋಡಿದ್ಯಾ?” ಎಂದಳು, ಅಲ್ಲಿ ಯಾರೂ ಇಲ್ಲದಿದ್ದರೂ.

ಹೊಸ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿದಳು. ಅದನ್ನು ಕಾಗದದಲ್ಲಿ ಸುತ್ತಿ, ಟೇಪ್ ಅಂಟಿಸಿ, ಟೇಪಿನ ಮೇಲೆ ಸಹಿ ಮಾಡಿದಳು. ಯಾರಾದರೂ ಬಿಚ್ಚಿದರೆ ಗೊತ್ತಾಗಲೇಬೇಕು.

“ಬಾಂಬಾ ಅದು?” ಎಂದ ಅಣ್ಣ.

“ಸಾಕ್ಷಿ,” ಎಂದಳು. ಅಂದಿನಿಂದ ಅಣ್ಣನ ಮೇಲೂ ಒಂದು ಕಣ್ಣಿಟ್ಟಳು.

ಗುರುವಾರ ಲ್ಯಾಬ್‌ನಲ್ಲಿ ಮಿಸ್ ಎದುರಿಗೇ ಟೇಪ್ ಹರಿದಳು. ಸಹಿ ಹಾಗೇ ಇತ್ತು. ಕೊನೆಯ ಸಾಲಿನಲ್ಲಿದ್ದ ಚುಕ್ಕಿಗೆ ಕಾಣಲಿ ಎಂದು ಸ್ವಲ್ಪ ಪಕ್ಕಕ್ಕೆ ಸರಿದು ನಿಂತೇ ಡಬಲ್ ಕ್ಲಿಕ್ ಮಾಡಿದಳು.

ಕಪ್ಪು ಕಿಟಕಿ ತೆರೆಯಿತು, ಮುಚ್ಚಿತು.

ಅವಳು ಸುತ್ತ ನೋಡಿದಳು. ಈ ಸಲ ಪೆನ್ ಡ್ರೈವ್ ಅನ್ನು ಅವಳ ಹೊರತು ಯಾರೂ ಮುಟ್ಟಿರಲಿಲ್ಲ.

“ಡಬಲ್ ಕ್ಲಿಕ್ ಬೇಡ,” ಎಂದರು ಮಿಸ್. “ಮೊದಲು ಕಪ್ಪು ಕಿಟಕಿ ನೀನೇ ತೆಗಿ. ಅದರೊಳಗೆ ಗೇಮ್ ಹೆಸರು ಟೈಪ್ ಮಾಡು. ಆಗ ಓಡಿ ಹೋಗಲ್ಲ, ಏನಾಯ್ತು ಅಂತ ನಿಂತು ಹೇಳುತ್ತೆ.”

ಹೇಳಿತು. ಕೆಂಪು ಅಕ್ಷರದ ಒಂದು ಸಾಲು ಬಂದು ನಿಂತಿತು.

“ಜೋರಾಗಿ ಓದು.”

“ಫೈಲ್ ಸಿಗಲಿಲ್ಲ. ಡಿ ಡ್ರೈವ್... ಅಪ್ಪ... ಸ್ಕ್ಯಾನ್... ಬೆಕ್ಕು.”

“ಈ ಕಂಪ್ಯೂಟರ್‌ನಲ್ಲಿ ಡಿ ಡ್ರೈವೂ ಇಲ್ಲ, ನಿಮ್ಮಪ್ಪನೂ ಇಲ್ಲ,” ಎಂದರು ಮಿಸ್. “ಚಿತ್ರ ಎಲ್ಲಿ ಸ್ಕ್ಯಾನ್ ಮಾಡಿದ್ದು?”

“ಮನೇಲಿ. ಅಪ್ಪನ ಫೋಲ್ಡರ್‌ನಲ್ಲಿ.”

“ಬೆಕ್ಕು ಇನ್ನೂ ಅಲ್ಲೇ ಮಲಗಿದೆ. ನಿಮ್ಮನೇಲಿ ಗೇಮ್ ಹೋಗಿ ಎಬ್ಬಿಸಿಕೊಂಡು ಬರುತ್ತೆ. ಬೇರೆ ಕಡೆ ಎಲ್ಲಿಂದ ತರುತ್ತೆ? ಬೆಕ್ಕನ್ನು ಗೇಮ್ ಪಕ್ಕದಲ್ಲೇ ಇಟ್ಟು, ಅಲ್ಲೇ ಹುಡುಕು ಅಂತ ಬರಿ.”

‘ನಮ್ಮನೇಲೂ ಹಿಂಗೇ ಆಯ್ತು.’ ಚುಕ್ಕಿ ಹೇಳಿದ್ದು ನಿಜ. ಇನ್‌ಸ್ಪೆಕ್ಟರ್ ಕೊನೆಯ ಸಾಲಿನ ಕಡೆ ತಿರುಗಿದಳು. ಚುಕ್ಕಿ ಆಗಲೇ ಹೊರಟುಹೋಗಿದ್ದಳು.

ಆ ಸಂಜೆ ಇನ್‌ಸ್ಪೆಕ್ಟರ್ ಬೆಕ್ಕನ್ನು ಗೇಮ್ ಪಕ್ಕಕ್ಕೆ ತಂದಿಟ್ಟಳು. ಸಾಲು ತಿದ್ದಿದಳು. ಮೊದಲ ಪರದೆಯಲ್ಲಿ ಇನ್ನೊಂದನ್ನೂ ತಿದ್ದಿದಳು. ಬಿಲ್ಡ್ ಒತ್ತಿದಳು. ಹಸಿರು ಅಕ್ಷರ ಬಂತು, ಬೆಕ್ಕು ಹಾರಿತು.

ಆದರೆ ನಿನ್ನೆಯೂ ಹಸಿರೇ ಬಂದಿತ್ತಲ್ಲ? ನಿನ್ನೆಯೂ ಹಾರಿತ್ತಲ್ಲ? ಅವಳು ಕಣ್ಣು ಕಿರಿದು ಮಾಡಿ ಮನೆಯ ಕಂಪ್ಯೂಟರನ್ನೇ ದಿಟ್ಟಿಸಿದಳು. ಇದರ ಸಾಕ್ಷಿ ನಂಬುವ ಹಾಗಿಲ್ಲ. ಇನ್ನೊಂದು ಕಂಪ್ಯೂಟರ್ ಬೇಕು. ಎರಡು ಬೀದಿ ಆಚೆ ಒಂದಿತ್ತು. ಅಲ್ಲಿಗೆ ಹೋಗಲು ಅವಳಿಗೆ ಕಾಲೇ ಬರಲಿಲ್ಲ.

ಆದರೂ ಹೋದಳು. ಚುಕ್ಕಿ ಬಾಗಿಲನ್ನು ಅರ್ಧವೇ ತೆರೆದಳು. ಒಳಗೆ ಅವಳ ಅಮ್ಮನ ಹೊಲಿಗೆ ಮಿಷನ್ ಟಕಟಕ ಎನ್ನುತ್ತಿತ್ತು.

“ಏನು, ತನಿಖೆಗೆ ಬಂದ್ಯಾ?”

“ನಿಮ್ಮನೇಲಿ ಓಡುತ್ತಾ ನೋಡ್ಬೇಕಿತ್ತು.” ಇನ್‌ಸ್ಪೆಕ್ಟರ್ ಪೆನ್ ಡ್ರೈವ್ ಚಾಚಿದಳು. ಅದರ ಮೇಲೆ ಕಾಗದವೂ ಇರಲಿಲ್ಲ, ಟೇಪೂ ಇರಲಿಲ್ಲ.

“ನಾನು ಮುಟ್ಟಲ್ಲಪ್ಪ. ಆಮೇಲೆ ನನ್ ತಲೆಗೆ ಕಟ್ತೀಯ.”

“ಕಟ್ಟಲ್ಲ. ನೀನೇ ಹಾಕು.”

ಚುಕ್ಕಿ ಅನುಮಾನದಿಂದಲೇ ತೆಗೆದುಕೊಂಡಳು. ಹೊಲಿಗೆ ಮಿಷನ್ ಪಕ್ಕದಲ್ಲಿದ್ದ ಹಳೇ ಕಂಪ್ಯೂಟರ್‌ಗೆ ಹಾಕಿದಳು. ಕಪ್ಪು ಕಿಟಕಿ ತೆರೆಯಿತು. ಮುಚ್ಚಲಿಲ್ಲ. ಮೊದಲ ಪರದೆಯಲ್ಲಿ ಎರಡು ಹೆಸರು, ಎರಡೂ ಒಂದೇ ಗಾತ್ರ. ಚುಕ್ಕಿ ಅದನ್ನು ನೋಡಿದಳು. ಆಮೇಲೆ ಗೋಡೆ ಬಂತು, ಗೋಡೆಯ ಮೇಲೆ ಬೆಕ್ಕು ಬಂತು.

“ಅಮ್ಮಾ, ನನ್ ಬೆಕ್ಕು ನೋಡು!”

ಹೊಲಿಗೆ ನಿಂತಿತು. ಅಮ್ಮ ಇತ್ತ ತಿರುಗಿದರು. ಬೆಕ್ಕನ್ನು ಹಾರಿಸಲು ಚುಕ್ಕಿ ಕೀ ಒತ್ತಿದಳು. ಫಟ್ ಎಂದು ಎಲ್ಲವೂ ಮಾಯವಾಯಿತು.

ಚುಕ್ಕಿ ಎರಡೂ ಕೈಗಳನ್ನು ಮೇಲಕ್ಕೆತ್ತಿಬಿಟ್ಟಳು. “ನಾನೇನೂ ಮಾಡ್ಲಿಲ್ಲ ಕಣೇ! ಒಂದೇ ಒಂದು ಕೀ ಒತ್ತಿದ್ದು! ನೀನೇ ನೋಡಿದ್ಯಲ್ಲ?”

ಇನ್‌ಸ್ಪೆಕ್ಟರ್ ಪರದೆಯನ್ನು ನೋಡಲಿಲ್ಲ. ಮೇಲೆತ್ತಿದ ಆ ಕೈಗಳನ್ನೇ ನೋಡುತ್ತಿದ್ದಳು.

“ಕೈ ಇಳಿಸೇ,” ಎಂದಳು ಕೊನೆಗೆ.

ಮಿಸ್ ಹೇಳಿಕೊಟ್ಟ ಹಾಗೆ ಕಪ್ಪು ಕಿಟಕಿ ತೆರೆದು ಗೇಮ್ ಹೆಸರು ಟೈಪ್ ಮಾಡಿದಳು. ಬೆಕ್ಕನ್ನು ಹಾರಿಸಿದಳು. ಕೆಂಪು ಸಾಲು ಬಂತು.

“ಮ್ಯಾಂವ್,” ಎಂದು ಓದಿದಳು. “ಹಾರಿದಾಗ ಬರೋ ಸದ್ದು. ಅದನ್ನೂ ನಾನು ಅಪ್ಪನ ಫೋಲ್ಡರ್‌ನಲ್ಲೇ ಬಿಟ್ಟಿದೀನಿ. ಮೊದಲಿಂದಲೂ ನಂದೇ ತಪ್ಪು ಕಣೇ. ನೀನು ನಿಜ ಹೇಳಿದ್ರೂ ನಾನು ಕೇಳ್ಲಿಲ್ಲ.”

“ನಾಳೇನೇ ತೋರಿಸ್ಬೇಕಲ್ಲ,” ಎಂದಳು ಚುಕ್ಕಿ. “ನಡಿ, ನಿಮ್ಮನೆಗೆ ಹೋಗಿ ಮ್ಯಾಂವ್ ಹಾಕ್ಕೊಂಡು ಬರೋಣ.”

ಪೆನ್ ಡ್ರೈವ್ ಕಿತ್ತು ಇನ್‌ಸ್ಪೆಕ್ಟರ್ ಕಡೆ ಚಾಚಿದಳು. ಇನ್‌ಸ್ಪೆಕ್ಟರ್ ಆಗಲೇ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ನಿನ್ ಹತ್ರಾನೇ ಇರ್ಲಿ,” ಎಂದಳು, ತಿರುಗಿ ನೋಡದೆ.