ಹೆಪ್ಪುಗಟ್ಟಿದ ಕೂಲಂಟ್

ಪ್ಲಾಸ್ಟಿಕ್ ಬಾಟಲಿಯ ಹೊಟ್ಟೆ ಸೀಳಿತ್ತು. ಒಳಗಿದ್ದ ಹಸಿರು ದ್ರವ ಐಸ್‌ಕ್ಯಾಂಡಿಯ ಹಾಗೆ ಗಟ್ಟಿಯಾಗಿ ಕೂತಿತ್ತು.

ಆಶ್ರಿತಾ ಫ್ರೀಜರಿನ ಮುಚ್ಚಳ ಹಿಡಿದುಕೊಂಡೇ ನಿಂತುಬಿಟ್ಟಳು.

ಸೂರತ್‌ನ ಅಡಾಜಣ್‌ನಲ್ಲಿರುವ ಉಡುಪಿ ಹೋಟೆಲಿನ ಹಿಂದಿನ ಅಡುಗೆಮನೆ ಅದು. ಹೋಟೆಲು ಅವಳ ಸೋದರಮಾವ ರಘುರಾಮನದ್ದು. ಅಪ್ಪ ಅಮ್ಮ ಇಲ್ಲದ ಆಶ್ರಿತಾಳನ್ನೂ ಅವಳ ಅಣ್ಣ ಅನಿಲನನ್ನೂ ಸಾಕಿದವನು ಅವನೇ. ಹುಟ್ಟಿದ್ದು ಬೆಳೆದದ್ದು ಎರಡೂ ಸೂರತ್‌ನಲ್ಲಿ. ಈ ಊರಿನವರಿಗೆ ಚಳಿ ಅಂದರೆ ಏನು ಗೊತ್ತು, ಮಣ್ಣು! ಅಣ್ಣ ತಂಗಿ ಹೊರಟದ್ದು ಮಾತ್ರ ಹಿಮಾಲಯದ ಚಳಿಗಾಲದ ರ‍್ಯಾಲಿಗೆ. ಅಣ್ಣ ಎಸ್‌ಯುವಿ ಓಡಿಸುವುದು, ತಂಗಿ ಪಕ್ಕದಲ್ಲಿ ಕೂತು ದಾರಿ ಹೇಳುವುದು. ಹಾಗಾಗಿ ಜೊತೆಗೆ ಒಯ್ಯುವ ಸಾಮಾನನ್ನೆಲ್ಲ ಅವಳು ಒಂದೊಂದು ರಾತ್ರಿ ಹೋಟೆಲಿನ ಬಟಾಣಿ ಇಡುವ ಫ್ರೀಜರಿನಲ್ಲಿ ಇಟ್ಟು ನೋಡುತ್ತಿದ್ದಳು. ಕೈಗವಸು ಪಾಸಾಯಿತು. ಟಾರ್ಚು ಪಾಸಾಯಿತು. ಪೆನ್ನು ಸತ್ತಿತು, ಪೆನ್ಸಿಲ್ ಬಂತು. ಮಾವ ಬೈಯುತ್ತಿದ್ದ, ಅಡುಗೆಯವರು ನಗುತ್ತಿದ್ದರು.

ನಿನ್ನೆ ಇಟ್ಟದ್ದು ಗಾಡಿಯಿಂದ ತೆಗೆದ ಕೂಲಂಟ್. ಎಂಜಿನ್ನಿನ ಸುತ್ತ ಓಡಾಡುವ ಅದು ಎಂಥ ಚಳಿಗೂ ಹೆಪ್ಪುಗಟ್ಟಬಾರದು. ಅದನ್ನು ಹಾಕುವುದೇ ಅದಕ್ಕೆ.

ಬಟಾಣಿಯ ಫ್ರೀಜರಿನಲ್ಲೇ ಈ ಗತಿಯಾದರೆ ಸ್ಪಿತಿ ಕಣಿವೆಯ ಹಿಮದಲ್ಲಿ? ರಾತ್ರಿ ಗಾಡಿ ನಿಲ್ಲಿಸುತ್ತಾರೆ. ಒಳಗಿನ ನೀರು ಕಲ್ಲಾಗಿ ಉಬ್ಬುತ್ತದೆ. ಎಂಜಿನ್ ಸೀಳುತ್ತದೆ. ಎಂಜಿನ್ ಸತ್ತರೆ ಒಳಗಿನ ಹೀಟರೂ ಸತ್ತಿತು. ಫೋನಿಗೆ ಸಿಗ್ನಲ್ ಇಲ್ಲ. ಕಬ್ಬಿಣದ ಡಬ್ಬಿಯೊಳಗೆ ಅಣ್ಣ ಮತ್ತು ತಾನು.

ಅನಿಲ್ ಆಗಲೇ ಅಹಮದಾಬಾದಿಗೆ ಹೋಗಿದ್ದ. ನಾಳೆ ಬೆಳಿಗ್ಗೆ ಅಲ್ಲಿಂದ ರ‍್ಯಾಲಿ ಶುರು. ಗಾಡಿಯನ್ನು ಇವತ್ತು ಅವಳು ತಲುಪಿಸಬೇಕು.

ಮೊದಲು ನೆನಪಾದದ್ದು ನಿತೇಶ್. ಹೋಟೆಲಿನ ಮುಂದುಗಡೆ ಐಸ್‌ಕ್ರೀಮ್ ಮತ್ತು ಸಿಹಿತಿಂಡಿಯ ಕೌಂಟರ್ ನೋಡಿಕೊಳ್ಳುವವನು. ಅವಳಿಗೆ ನಿಶ್ಚಯವಾದ ಹುಡುಗ. ಅವನು ಬಂದು ಬಾಟಲಿ ನೋಡಿದ. ಎತ್ತಿ ತಿರುಗಿಸಿ ತಿರುಗಿಸಿ ನೋಡಿದ.

ಆಮೇಲೆ ಒಂದೇ ಸಮನೆ ಮಾತಾಡಿದ. ಗಾಡಿ ರೆಡಿ ಮಾಡಿದ ವಡೋದರಾದ ಮಂಥನ್ ದುಡ್ಡು ಉಳಿಸಲು ಬಣ್ಣದ ನೀರು ಹಾಕಿರಬೇಕು ಅಂದ. ಇಲ್ಲದಿದ್ದರೆ ಹೋದ ವರ್ಷ ಇನ್ನೊಂದು ರ‍್ಯಾಲಿಯಲ್ಲಿ ಅನಿಲನ ಎದುರು ಸೋತ ಆ ಸುಧನ್ವನೇ ಇರಬೇಕು, ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿರುವವನಿಗೆ ಹಸಿರು ಬಣ್ಣಕ್ಕೆ ಬರವೇ ಅಂದ. ಕೊನೆಗೆ ವಾರದಿಂದ ಹೇಳುತ್ತಿದ್ದುದನ್ನೇ ಹೇಳಿದ.

"ನೀನು ಈ ಸಲ ಹೋಗುದೇ ಬೇಡ ಆಶ್ರಿತಾ. ಒಬ್ಬರೇ ಓಡಿಸುವ ವಿಭಾಗವೂ ಉಂಟಲ್ಲ, ಅನಿಲ್ ಹೋಗ್ಲಿ. ಅವನಿಗೆ ಈಗ ಎಂತದೂ ಹೇಳ್ಬೇಡ, ಸುಮ್ನೆ ತಲೆಬಿಸಿ."

ಕೂಲಂಟನ್ನು ಬದಲಾಯಿಸಬಹುದು. ಅದೇನು ದೊಡ್ಡ ಕೆಲಸವಲ್ಲ. ಆದರೆ ಮಾಡಿದವನು ಯಾರು? ಬ್ರೇಕಿಗೆ ಏನು ಮಾಡಿದ್ದಾನೆ? ಚಕ್ರದ ಬೋಲ್ಟಿಗೆ? ಅವನು ಯಾರೆಂದು ತಿಳಿಯದೆ ಅಣ್ಣನನ್ನು ಆ ಗಾಡಿಯಲ್ಲಿ ಕೂರಿಸುವುದು ಹೇಗೆ?

* * *

ಪಾಂಡೇಸರಾಕ್ಕೆ ಅವಳು ಆಟೋದಲ್ಲಿ ಒಬ್ಬಳೇ ಹೋದಳು. ಚೀಲದಲ್ಲಿ ಬಾಟಲಿ ಕರಗುತ್ತಿತ್ತು.

ಸುಧನ್ವ ಧಾರವಾಡದವನು. ಮಿಲ್ಲಿನಲ್ಲಿ ಬಣ್ಣ ಬೆರೆಸುವ ಲ್ಯಾಬಿನ ಮುಖ್ಯಸ್ಥ. ಹೋದ ವರ್ಷ ಎರಡನೆಯವನಾಗಿ ಬಂದು, ವೇದಿಕೆಯನ್ನೂ ಹತ್ತದೆ ಹೊರಟುಹೋದ ಸಿಟ್ಟುಗಾರ. ಆಶ್ರಿತಾ ಸುತ್ತಿ ಬಳಸಿ ಕೇಳಲು ಹೋದಳು. ಅವನಿಗೆ ಅರ್ಥವಾಗಲು ಎಷ್ಟು ಹೊತ್ತು? ಮುಖ ಕೆಂಪಾಯಿತು.

"ನಿಮ್ಮಣ್ಣನ್ನ ಸೋಲಸೋದು ನನಗ ಬೇಕಾಗೇತಿ. ಸಾಯಸೋದಲ್ಲ," ಅಂದ. "ಕೊಡ್ರಿ ಇಲ್ಲಿ."

ಬಿಳಿ ಹತ್ತಿಬಟ್ಟೆಯ ತುಂಡಿನ ಮೇಲೆ ನಾಲ್ಕು ಹನಿ ಹಾಕಿದ. ನಲ್ಲಿಯ ಕೆಳಗೆ ಹಿಡಿದ. ಹಸಿರೆಲ್ಲ ಹರಿದುಹೋಗಿ ಬಟ್ಟೆ ಮೊದಲಿನ ಹಾಗೇ ಬೆಳ್ಳಗಾಯಿತು. ಅವನ ಹುಬ್ಬು ಮೇಲೇರಿತು. ಸ್ಟೀಲ್ ಚಮಚದಲ್ಲಿ ಸ್ವಲ್ಪ ಹಾಕಿ ಉರಿಯ ಮೇಲೆ ಹಿಡಿದ. ನೀರು ಆರಿತು. ನೊರೆ ಎದ್ದಿತು. ಕಂದು ಬಣ್ಣಕ್ಕೆ ತಿರುಗಿತು. ಲ್ಯಾಬಿನ ತುಂಬ ಪರಿಚಿತ ವಾಸನೆ ಹರಡಿತು.

"ಸಕ್ಕರಿ!" ಅಂದ ಸುಧನ್ವ. "ಇದು ನಮ್ಮ ಬಣ್ಣ ಅಲ್ಲ ಬಿಡ್ರಿ, ನಮ್ಮದಾದ್ರ ಅರಬಿಗೆ ಹತ್ತತಿತ್ತು. ತಿನ್ನೂ ಬಣ್ಣ. ಸಕ್ಕರಿ ಪಾಕಕ್ಕ ಹಾಕ್ಯಾರ. ನಮ್ಮ ಮಿಲ್ಲಿನಾಗ ಯಾರಿಗೆ ಬೇಕ್ರಿ ಪಾಕ? ಇದು ಅಡಗಿಮನಿ ಕೆಲಸ."

ಅಡುಗೆಮನೆ. ಅಂದರೆ ತಮ್ಮದೇ ಹೋಟೆಲು. ಶತ್ರು ಹೊರಗಿದ್ದರೆ ಬಾಗಿಲು ಹಾಕಿಕೊಳ್ಳಬಹುದು. ಒಳಗೇ ಇದ್ದರೆ?

* * *

ಹೋಟೆಲಿಗೆ ಮರಳಿದಾಗ ರಘುರಾಮ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ. ಈ ರ‍್ಯಾಲಿಗೆ ಇಡೀ ಮನೆಯಲ್ಲಿ ಅಡ್ಡ ಬಂದವನು ಅವನೊಬ್ಬನೇ. ಆ ಗಾಡಿ ಇಲ್ಲಿಂದ ಹೇಗೆ ಹೊರಡುತ್ತದೋ ನೋಡುತ್ತೇನೆ ಅಂತ ಗಿರಾಕಿಗಳ ಎದುರೇ ಕೂಗಾಡಿದ್ದ. ಗಾಡಿಯ ಇನ್ನೊಂದು ಕೀಲಿ ಇರುವುದೂ ಅವನ ಡ್ರಾಯರಿನಲ್ಲಿ. ಅಡುಗೆಮನೆಯ ಪ್ರತಿ ಡಬ್ಬಿಯೂ ಅವನ ಕೈಕೆಳಗಿನದ್ದು.

"ಎಂತ ಮಗಾ, ಮುಖ ಹೀಗುಂಟು? ಜ್ವರವಾ?" ಅಂದ. ತಾನೇ ಎದ್ದು ಹೋಗಿ ಕಾಫಿ ತಂದಿಟ್ಟ.

ಚಿಕ್ಕಂದಿನಿಂದ ಅವನ ಕೈಯ ಕಾಫಿ ಕುಡಿದವಳು. ಇವತ್ತು ಲೋಟ ಮುಟ್ಟಲು ಹೆದರಿದಳು. ಹೆದರಿದೆನಲ್ಲ ಎಂದು ನಾಚಿಕೆಯೂ ಆಯಿತು. ಕಣ್ಣು ತುಂಬಿ ಬಂತು. ಮಾವ ನೋಡುತ್ತಿದ್ದಂತೆಯೇ ಕಾಫಿ ಆರಿ ಕೆನೆ ಕಟ್ಟಿತು.

ಅಷ್ಟರಲ್ಲಿ ನಿತೇಶ್ ಗಾಡಿಯ ಕೀಲಿ ಕುಣಿಸುತ್ತ ಬಂದ. ಒಬ್ಬಳನ್ನೇ ಕಳಿಸುವುದಿಲ್ಲ, ತಾನೇ ಓಡಿಸುತ್ತೇನೆ, ವಡೋದರಾದಲ್ಲಿ ಆ ಮಂಥನ್‌ನ ಕುತ್ತಿಗೆ ಪಟ್ಟಿ ಹಿಡಿದು ಕೇಳೋಣ ಅಂದ. ಸುಧನ್ವ ಹೇಳಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ, ಕೂಲಂಟ್ ಬದಲಾಯಿಸಲು ಹೇಗೂ ಮಂಥನ್ ಹತ್ತಿರ ಹೋಗಬೇಕಿತ್ತು. ಅವನಾದರೂ ಇದ್ದಾನಲ್ಲ ಅಂತ ಆಶ್ರಿತಾಳ ಜೀವಕ್ಕೆ ಅಷ್ಟು ಸಮಾಧಾನ. ಪಾಪದ ಹುಡುಗಿ.

* * *

ವಡೋದರಾ ಊರ ಹೊರಗೆ ಮಂಥನ್‌ನ ಗ್ಯಾರೇಜು. ನಿತೇಶ್ ಒಂದಿಷ್ಟು ಕೂಗಾಡಿದ. ಆಮೇಲೆ ಫೋನ್ ಬಂತೆಂದು ರಸ್ತೆಯಾಚೆಯ ಚಹಾದ ತಳ್ಳುಗಾಡಿಯತ್ತ ನಡೆದ.

ಮಂಥನ್ ನೇರವಾಗಿ ಗಾಡಿಯ ಕೆಳಗೆ ನುಸುಳಿದ. ಬಾ ಎಂದು ಆಶ್ರಿತಾಳನ್ನೂ ಬಗ್ಗಿಸಿ ತೋರಿಸಿದ. ಅವನದ್ದೊಂದು ಪದ್ಧತಿ. ಯಾವ ಬೋಲ್ಟ್ ಬಿಗಿದರೂ ಬೋಲ್ಟಿನಿಂದ ಪಕ್ಕದ ಲೋಹಕ್ಕೆ ಹಳದಿ ಪೇಂಟಿನ ಒಂದು ಗೆರೆ ಎಳೆಯುತ್ತಾನೆ. ಯಾರಾದರೂ ಬಿಚ್ಚಿದರೆ ಗೆರೆ ಮತ್ತೆ ಕೂಡುವುದಿಲ್ಲ. ಬ್ರೇಕಿನ ಗೆರೆ, ಚಕ್ರದ ಗೆರೆ ಎಲ್ಲ ಸರಿಯಾಗಿದ್ದವು. ಕೂಲಂಟ್ ಬಸಿಯುವ ತಿರುಪಿನದ್ದು ಮಾತ್ರ ತುಂಡಾಗಿತ್ತು. ಇಲ್ಲಿಂದ ಹೋದ ಮೇಲೆ ಯಾರೋ ಬಿಚ್ಚಿದ್ದಾರೆ ಆಶ್ರಿತಾಬೆನ್, ಅಂದ.

ಹಸಿರು ನೀರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದ. ಅವನ ಮುಖ ಪೆಚ್ಚಾಯಿತು. ಕೂಲಂಟ್ ಬೆರಳಿಗೆ ಜಾರುತ್ತದೆ, ನೀರು ಜಾರುವುದಿಲ್ಲ. ಹೊರಡುವ ಮುನ್ನ ಅಹಮದಾಬಾದಿನಲ್ಲಿ ತಾನು ಮಾಡುವ ಕೊನೆಯ ಪರೀಕ್ಷೆಯೇ ಇದು. ಇದು ಜಾರುತ್ತಿದೆಯಲ್ಲ, ನಾನೇ ಪಾಸು ಮಾಡಿ ಕಳಿಸುತ್ತಿದ್ದೆ, ಅಂದ.

ಆಶ್ರಿತಾ ತಾನೂ ಉಜ್ಜಿ ನೋಡಿದಳು. ಬೆರಳು ಅಂಟಿಯೂ ಅಂಟದ ಹಾಗೆ ಜಾರಿತು. ಪಾಕ ಹದಕ್ಕೆ ಬರುವ ಮುಂಚೆ ಸಿಹಿತಿಂಡಿಯವರು ಹೀಗೇ ಬೆರಳಲ್ಲಿ ನೋಡುತ್ತಾರೆ.

"ನಿಮ್ಮ ಈ ಬೆರಳಿನ ಪರೀಕ್ಷೆ ಯಾರಿಗೆಲ್ಲ ಗೊತ್ತು?" ಅಂತ ಕೇಳಿದಳು.

ಇದನ್ನು ಹೊರಗಿನವರಿಗೆ ಹೇಳುವುದಿಲ್ಲ, ಗಾಡಿ ಒಪ್ಪಿಸಿದ ದಿನ ನಿಮಗೆ ಮೂವರಿಗೆ ತೋರಿಸಿದ್ದೆ, ಅಂದ ಮಂಥನ್. ಅನಿಲ್‌ಭಾಯಿ, ನೀವು, ನಿತೇಶ್‌ಭಾಯಿ.

ಮಾವ ಈ ಗ್ಯಾರೇಜಿನ ಹೊಸ್ತಿಲು ಕಂಡವನಲ್ಲ. ಅವನು ಮಾಡಿದ್ದರೆ ಬರೀ ಬಣ್ಣದ ನೀರು ಹಾಕುತ್ತಿದ್ದ. ಮಂಥನ್‌ನ ಬೆರಳಿಗೆ ಹೆದರಿ ಪಾಕ ಬೆರೆಸಿದವನು ಬೇರೆ.

ಅವಳು ತಲೆ ಎತ್ತಿದಳು. ರಸ್ತೆಯಾಚೆ ನಿತೇಶ್ ಚಹಾ ಊದಿ ಊದಿ ಕುಡಿಯುತ್ತಿದ್ದ. ಕಣ್ಣು ಮಾತ್ರ ಇತ್ತಲೇ ಇತ್ತು. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ಲವೇ?

ಆದರೆ ಯಾಕೆ? ಅನಿಲ್ ಅವನಿಗೆ ಏನು ಮಾಡಿದ್ದ? ಅನಿಲ್ ಮತ್ತು ನಿತೇಶ್ ಇಬ್ಬರೇ ಇಲ್ಲಿಗೆ ಬಂದದ್ದಿದೆಯೇ ಎಂದು ಕೇಳಿದಳು. ಬಂದಿದ್ದರು, ಹೋದ ತಿಂಗಳು ಒಂದು ಬೆಳಿಗ್ಗೆ, ಅಂದ ಮಂಥನ್. ಟೆಸ್ಟ್ ಡ್ರೈವಿನಲ್ಲಿ ನೀಲಗಾಯ್ ಎಂಬ ಕಾಡುಪ್ರಾಣಿ ಅಡ್ಡ ಬಂತೆಂದು ಮುಂದಿನ ಬಂಪರ್ ಬದಲಾಯಿಸಿಕೊಂಡು ಹೋದರು. ಓಡಿಸಿಕೊಂಡು ಬಂದವನು ನಿತೇಶ್. ಅನಿಲ್‌ಭಾಯಿ ಕೆಳಗೆ ಇಳಿಯಲೂ ಇಲ್ಲ, ಚಹಾ ಕೊಟ್ಟರೆ ಮುಟ್ಟಲೂ ಇಲ್ಲ. ಹಳೆ ಬಂಪರನ್ನು ಗುಜರಿಗೆ ಹಾಕಲು ನಿತೇಶ್ ಹೇಳಿದ್ದ. ಇನ್ನೂ ಹಾಕಿರಲಿಲ್ಲ.

ಅದು ಗ್ಯಾರೇಜಿನ ಹಿಂದೆ ಬಿದ್ದಿತ್ತು. ಬಗ್ಗಿದ ಜಾಗದಲ್ಲಿ ಕೆಂಪು ಪೇಂಟ್ ಮೆತ್ತಿಕೊಂಡಿತ್ತು. ಯಾವ ನೀಲಗಾಯಿಯ ಮೈಗೆ ಕೆಂಪು ಪೇಂಟ್ ಬಳಿದಿರುತ್ತದೆ?

ಮಂಥನ್ ಪಾಕವನ್ನೆಲ್ಲ ಬಸಿದು ಹೊಸ ಕೂಲಂಟ್ ತುಂಬಿಸಿದ. ಬಂಪರನ್ನು ನಿಮ್ಮ ಗಾಡಿಯಲ್ಲಿ ಹಾಕಿಕೊಂಡು ಹಿಂದೆಯೇ ಬನ್ನಿ, ದಮ್ಮಯ್ಯ, ನಮ್ಮನ್ನು ಕಣ್ಣಿಂದ ಬಿಡಬೇಡಿ ಎಂದು ಆಶ್ರಿತಾ ಪಿಸುಗುಟ್ಟಿದಳು. ಆಮೇಲೆ ಹೋಗಿ ನಿತೇಶನ ಪಕ್ಕ ಕೂತಳು. ಕೂರದಿದ್ದರೆ ಅವನಿಗೆ ಗೊತ್ತಾಗುತ್ತದೆ. ಗೊತ್ತಾದರೆ ಓಡುತ್ತಾನೆ. ಅಥವಾ ಇನ್ನೇನು ಮಾಡುತ್ತಾನೋ.

* * *

ಎಕ್ಸ್‌ಪ್ರೆಸ್ ಹೈವೇ ನೇರವಾಗಿತ್ತು. ನಿತೇಶ್ ಹಾಡು ಹಾಕಿದ. ಸ್ವಲ್ಪ ದೂರ ಹೋಗಿ ಅವನೇ ಆರಿಸಿದ.

"ಮಂಥನ್ ಎಂತ ಹೇಳಿದ?"

"ಅವನಿಗೆ ಎಂತದೂ ಗೊತ್ತಿಲ್ವಂತೆ."

"ಅಷ್ಟೇಯಾ? ಅಷ್ಟು ಹೊತ್ತು ಮಾತಾಡ್ತಾ ಇದ್ರಿ."

ಗಾಡಿಯ ವೇಗ ಏರಿತು. ಆಶ್ರಿತಾ ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕನ್ನಡಿಯಲ್ಲಿ ಮಂಥನ್‌ನ ಬಿಳಿ ವ್ಯಾನ್ ಕಾಣುತ್ತಿತ್ತು, ಚಿಕ್ಕದಾಗುತ್ತ ಹೋಗುತ್ತಿತ್ತು. ಏನಾದರೂ ಹೇಳಬೇಕು. ಈಗಲೇ ಹೇಳಬೇಕು.

"ನೀನು ಹೇಳಿದ್ದೇ ಸರಿ ಅಂತ ಕಾಣ್ತದೆ ನಿತೇಶ್. ನಾನು ಹೋಗುದಿಲ್ಲ. ಅಣ್ಣ ಒಬ್ಬನೇ ಹೋಗ್ಲಿ."

ಅವನ ಭುಜ ಸಡಿಲವಾಯಿತು. ವೇಗ ಇಳಿಯಿತು. "ಈಗ ಬುದ್ಧಿ ಬಂತು ನೋಡು," ಎಂದು ನಕ್ಕು ಅವಳ ಕೈ ಸವರಿದ. ಅವಳು ಕೈ ಎಳೆದುಕೊಳ್ಳಲಿಲ್ಲ. ಅಹಮದಾಬಾದ್ ಬರುವ ತನಕ ಹಾಗೇ ಕೂತಿದ್ದಳು.

* * *

ನದಿ ದಂಡೆಯ ಮೈದಾನದಲ್ಲಿ ರ‍್ಯಾಲಿಯ ಗಾಡಿಗಳು ಸಾಲಾಗಿ ನಿಂತಿದ್ದವು. ಬಂದೋಬಸ್ತಿಗೆ ಪೊಲೀಸರಿದ್ದರು. ಅನಿಲ್ ಓಡಿ ಬಂದ. ಹಿಂದಿನಿಂದ ಮಂಥನ್‌ನ ವ್ಯಾನ್ ಬಂದು ನಿಂತಿತು. ಆಶ್ರಿತಾ ಇಳಿದವಳೇ ನೇರವಾಗಿ ಅಲ್ಲಿದ್ದ ಇನ್‌ಸ್ಪೆಕ್ಟರ್ ಹತ್ತಿರ ಹೋಗಿ, ಅವರನ್ನು ಕರೆದುಕೊಂಡೇ ಬಂದಳು. ಎಲ್ಲರೆದುರು ಒಂದೊಂದಾಗಿ ಹೇಳುತ್ತ ಹೋದಳು.

ಗಾಡಿಯಲ್ಲಿದ್ದದ್ದು ಸಕ್ಕರೆ ಪಾಕ ಮತ್ತು ತಿನ್ನುವ ಬಣ್ಣ, ಹಾಗಾಗಿ ಮಾಡಿದವನು ಅಡುಗೆಮನೆಯವನು. ಹಳದಿ ಗೆರೆ ತುಂಡಾಗಿದೆ, ಹಾಗಾಗಿ ಮಂಥನ್ ಅಲ್ಲ. ಪಾಕ ಹಾಕಿದ್ದು ಬೆರಳಿನ ಪರೀಕ್ಷೆಯಲ್ಲಿ ಪಾಸಾಗಲಿ ಅಂತ, ಹಾಗಾಗಿ ಮಾವ ಅಲ್ಲ. ಆ ಪರೀಕ್ಷೆ ಗೊತ್ತಿದ್ದ ಮೂವರಲ್ಲಿ ಇಬ್ಬರು ಅದೇ ಗಾಡಿಯಲ್ಲಿ ಸಾಯುವವರು. ಉಳಿದವನು ಒಬ್ಬನೇ. ಐಸ್‌ಕ್ರೀಮಿನ ಜೆಲ್ಲಿಗೆ ದಿನಾ ಹಸಿರು ಬಣ್ಣ ಬೆರೆಸುವವನು. ಗಾಡಿ ಹತ್ತಬೇಡ ಅಂತ ವಾರದಿಂದ ತನ್ನೊಬ್ಬಳಿಗೇ ಹೇಳುತ್ತಿದ್ದವನು.

"ಹುಚ್ಚು ಹಿಡ್ದಿದೆ ಇವಳಿಗೆ," ಎಂದು ನಿತೇಶ್ ನಕ್ಕ. "ಅನಿಲನನ್ನು ಕೊಂದು ನನಗೆಂತ ಸಿಗ್ತದೆ?"

ಮಂಥನ್ ವ್ಯಾನಿನ ಬಾಗಿಲು ತೆರೆದು ಹಳೆ ಬಂಪರನ್ನು ನೆಲಕ್ಕೆ ಇಳಿಸಿದ.

ನಿತೇಶನ ನಗು ನಿಂತಿತು. ಅನಿಲ್ ಬಂಪರನ್ನು ನೋಡಿದವನು ಅಲ್ಲೇ ಕುಸಿದು ಕೂತ. ತಡೆದು ತಡೆದು ಹೇಳಿದ. ಬೆಳಗಿನ ಮಂಜಿನಲ್ಲಿ ನಿತೇಶ್ ಓಡಿಸುತ್ತಿದ್ದ. ವಡೋದರಾ ಇನ್ನೇನು ಬರಬೇಕು ಅನ್ನುವಾಗ ಕೆಂಪು ಬೈಕೊಂದು ಅಡ್ಡ ಬಂತು. ಗುದ್ದಿದ. ನಿಲ್ಲಿಸಲಿಲ್ಲ. ನೀನೇ ಹೋಗಿ ಪೊಲೀಸರಿಗೆ ಹೇಳು, ರ‍್ಯಾಲಿ ಮುಗಿಸಿ ಬರುವಷ್ಟರಲ್ಲಿ ಹೇಳದಿದ್ದರೆ ನಾನೇ ಹೇಳುತ್ತೇನೆ ಅಂತ ಅನಿಲ್ ಗಡುವು ಕೊಟ್ಟಿದ್ದ. ಅನಿಲ್ ಬಾರದೇ ಹೋದರೆ ಗಡುವೂ ಇಲ್ಲ, ಸಾಕ್ಷಿಯೂ ಇಲ್ಲ.

ಇನ್‌ಸ್ಪೆಕ್ಟರ್ ತೋಳು ಹಿಡಿದಾಗ ನಿತೇಶ್ ಆಶ್ರಿತಾಳತ್ತ ತಿರುಗಿದ.

"ನಿನ್ನನ್ನು ಉಳಿಸ್ಬೇಕಂತ್ಲೇ ಅಲ್ವಾ ಬೇಡ ಹೇಳಿದ್ದು? ಅದಾದ್ರೂ ನಂಬು."

ಅವಳು ನಂಬಿದಳು. ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಅಣ್ಣನ ಹೆಣದ ಎದುರು ತನ್ನ ಕಣ್ಣೊರೆಸಲು ಇವನೇ ನಿಂತಿರುತ್ತಿದ್ದ.

ಜೀಪು ನಿತೇಶನನ್ನು ಕರೆದುಕೊಂಡು ಹೋಯಿತು. ಎಸ್‌ಯುವಿಯೂ ವಡೋದರಾ ಠಾಣೆಗೆ ಬರಬೇಕು, ಅನಿಲ್ ಹೇಳಿಕೆ ಕೊಡಬೇಕು ಅಂದರು ಇನ್‌ಸ್ಪೆಕ್ಟರ್. ಒಬ್ಬ ಕಾನ್‌ಸ್ಟೇಬಲ್ ಹಿಂದಿನ ಸೀಟು ಹತ್ತಿದ. ರ‍್ಯಾಲಿಯ ಹುಡುಗರು ಉಳಿದ ಗಾಡಿಗಳ ಬಾಗಿಲಿಗೆ ನಂಬರ್ ಅಂಟಿಸುತ್ತಿದ್ದರು.

ಅನಿಲ್ ಸ್ಟಿಯರಿಂಗ್ ಹಿಡಿದು ಕೂತ. ಆಶ್ರಿತಾ ಪಕ್ಕದಲ್ಲಿ ಕೂತಳು. ಕೇಳಲೇಬೇಕಾದದ್ದನ್ನು ಕೇಳಿದಳು.

"ಆ ಬೈಕಿನವ ಬದುಕಿದ್ದಾನಾ ಅಣ್ಣ?"

"ಗೊತ್ತಿಲ್ಲ. ನಾನು ಇಳಿದು ನೋಡ್ಲೇ ಇಲ್ಲ." ಕೀಲಿ ತಿರುಗಿಸಲು ಕೈಯೆತ್ತಿ ಮತ್ತೆ ಇಳಿಸಿದ. "ನಂಗೆ ಹೆದರಿಕೆ ಆಗ್ತದೆ ಆಶ್ರಿತಾ."

"ನಂಗೂ ಆಗ್ತದೆ," ಅಂದಳು. "ಗೇಟಿಂದ ಹೊರಗೆ ಹೋಗಿ ಎಡಕ್ಕೆ ತಿರುಗಿಸು."